ಸಿಲಿಕಾ ದೂಳು, ಇಲಿಯ ಶ್ವಾಸಕೋಶ, ಆಟೊಇಮ್ಯೂನಿಟಿ: ನಮ್ಮೂರ ಕಲ್ಲಿನ ಪುಡಿ ಕೊಟ್ಟರೆ ನಡೀತದೇನ್ರೀ?

ಪಾಷಾಣ್_ರಸ್ತೆ (ಪುಣೆ)
ನಮಸ್ಕಾರ್ರೀ ಎಲ್ಲರಿಗೂ. ಸಿಲಿಕಾ ಕೊಟ್ಟ ಇಲಿಯೊಳಗ ಲೂಪಸ್ ಥರದ ಆಟೊಇಮ್ಯೂನ್ (ರೋಗನಿರೋಧಕ ಶಕ್ತಿ ತನ್ನ ಮೈಮ್ಯಾಲೇ ತಿರುಗೋ) ಲಕ್ಷಣ ನೋಡೋ ಪ್ರೋಟೊಕಾಲ್ ಬರೀಲಿಕ್ಕೆ ಕೂತೀವಿ. ಪೇಪರ್ ತೆಗೆದ್ರ ಎಲ್ಲಾರೂ ಮಿನ್-ಯು-ಸಿಲ್ 5 (ರೆಡಿ ಸಿಗೋ ನುಣ್ಣನ ಕ್ವಾರ್ಟ್ಜ್ ಪುಡಿ; ಕ್ವಾರ್ಟ್ಜ್ ಅಂದ್ರ ಹರಳಾದ ಸಿಲಿಕಾ) ಅಂತಾರ. ನಮ್ಮ ಗುಂಪಿನ ವಾದ ಬ್ಯಾರೆ: ವಾಘೋಲಿ ಕ್ರಷರ್ ದೂಳು, ಇಲ್ಲಾ ಕಿಚನ್ ಪ್ಲಾಟ್‌ಫಾರ್ಮ್ ಕಟ್ ಮಾಡೋ ಅಂಗಡಿಯ ಪುಡಿ ತಂದು ಕೊಟ್ಟ್ರ ಹೆಂಗ? ಅಲ್ಲಿ ದುಡಿಯೋರು ಹೆಚ್ಚಾಗಿ ವಿಜಯಪುರ, ಕಲಬುರಗಿ ಕಡೆಯವರು. ಅವರು ಸೇದೋ ದೂಳೇ ಇಲಿಗೂ ಹೋಗಲಿ ಅಂತ.

ಈಗಿನ ಪ್ಲಾನ್: ಬ್ಲ್ಯಾಕ್-6 ಇಲಿ (ಲ್ಯಾಬಿನ ಸಾಮಾನ್ಯ ಸುಂಡಿಲಿ ತಳಿ), ಮೂಗಿನಿಂದ ಒಂದು ಡೋಸ್, 4 ವಾರಕ್ಕ ಎಎನ್‌ಎ (ಸ್ವಂತ ಕೋಶದ ನ್ಯೂಕ್ಲಿಯಸ್ ವಿರುದ್ಧದ ಆಂಟಿಬಾಡಿ). ಕಂಟ್ರೋಲ್‌ಗೆ ಬರೇ ಸಲೈನ್. ಎಲ್ಲಿ ಎಡವತದ ಹೇಳ್ರಿ.

ಖನಿಜ_ಕಾಕಾ (ಪುಣೆ)
ವಾಘೋಲಿ ಮೊದಲು ಕೈಬಿಡಿ. ಪುಣೆ ಸುತ್ತಲಿನ ಕರಿಕಲ್ಲೆಲ್ಲ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್. ರಾಸಾಯನಿಕ ವಿಶ್ಲೇಷಣೆಯಲ್ಲಿ ಸಿಲಿಕಾ ಶೇ. 50ರ ಆಸುಪಾಸು ಅಂತ ಬರುತ್ತೆ, ಅದನ್ನು ನೋಡಿಯೇ ಜನ ಮೋಸ ಹೋಗೋದು. ಆ ಸಿಲಿಕಾ ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಒಳಗೆ ಕಟ್ಟಿಕೊಂಡಿರುತ್ತೆ. ಬಿಡಿ ಕ್ವಾರ್ಟ್ಜ್ ತೀರಾ ಕಡಿಮೆ. ಕಲ್ಲಿನ ಗುಳ್ಳೆಗಳಲ್ಲಿ ಜಿಯೊಲೈಟ್ ಜೊತೆ ಕ್ಯಾಲ್ಸೆಡನಿ, ಕ್ವಾರ್ಟ್ಜ್ ಸಿಗುತ್ತೆ, ಆದರೆ ಅದು ಗಣಿಯಿಂದ ಗಣಿಗೆ, ಪದರದಿಂದ ಪದರಕ್ಕೆ ಬೇರೆ.

ಅಂಗಡಿ ಪುಡಿ ಇನ್ನೂ ಕಲಬೆರಕೆ. ಶಹಾಬಾದ್ ಫರಸಿ, ಕಡಪಾ, ಕೋಟಾ ಮೂರೂ ಸುಣ್ಣಕಲ್ಲು. ಇಳಕಲ್ ಕಡೆಯ ಗ್ರಾನೈಟ್ ಆದರೆ ಶೇ. 20ರಿಂದ 40ರವರೆಗೆ ಕ್ವಾರ್ಟ್ಜ್. ರಾಳ ಹಾಕಿ ಒತ್ತಿದ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ಶೇ. 90ರ ಹತ್ತಿರ. ಬೆಳಿಗ್ಗೆ ಕಡಪಾ, ಮಧ್ಯಾಹ್ನ ಕೃತಕ ಹಲಗೆ ಕುಯ್ದ ನೆಲದಿಂದ ಗುಡಿಸಿ ತಂದ ಪುಡಿಗೆ ಏನಂತ ಹೆಸರಿಡ್ತೀರಿ?

ಜುವಾರಿ_ನಗರ (ಗೋವಾ)
ಕಾಕಾ ಹೇಳಿದ್ದು ಸರಿ. ಗೋವಾದ ಅದಿರಿನ ದೂಳಿಗೂ ಇದೇ ಮಾತು. ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್‌ನಲ್ಲಿ ಕ್ವಾರ್ಟ್ಜ್ ಉಂಟು, ಆದರೆ ಕಬ್ಬಿಣವೂ ಅಷ್ಟೇ ಉಂಟು. ಕಣದ ಮೇಲ್ಮೈಯ ಕಬ್ಬಿಣ ಫೆಂಟನ್ ಕ್ರಿಯೆಯಿಂದ ಕೋಶ ಕೆಡಿಸೋ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತೆ. ಕಡೆಗೆ ಫಲಿತಾಂಶ ಕ್ವಾರ್ಟ್ಜ್‌ದಾ, ಕಬ್ಬಿಣದ್ದಾ ಅಂತ ಬಿಡಿಸೋಕಾಗಲ್ಲ.

ಪರೇಲ್_ಸ್ಲೈಡು (ಮುಂಬಯಿ)
ಅಲ್ಲ ಮಾರಾಯ್ರೆ, ಕೆಲಸಗಾರ ಸೇದುವುದೇ ಕಲಬೆರಕೆ ದೂಳು. ಶುದ್ಧ ಕ್ವಾರ್ಟ್ಜ್ ಯಾರು ಸೇದ್ತಾರೆ? ಪಾಷಾಣ್ ಅವರ ಪ್ರಶ್ನೆ ಬೇಡದ್ದೇನಲ್ಲ.

ಖನಿಜ_ಕಾಕಾ
ಪ್ರಶ್ನೆ ಒಳ್ಳೇದೇ, ಸರದಿ ತಪ್ಪು ಅಂದೆ. ಮೊದಲು ಗೊತ್ತಿರೋ ಕಣದಲ್ಲಿ ಮಾದರಿ ನಿಲ್ಲಬೇಕು, ಆಮೇಲೆ ಸ್ಥಳೀಯ ದೂಳು ಇನ್ನೊಂದು ಗುಂಪಾಗಿ ಬರಲಿ. ಅದನ್ನು ತರೋದಾದರೆ ನೆಲ ಗುಡಿಸಬೇಡಿ, ಒಂದೇ ಬಗೆಯ ಹಲಗೆ ಕುಯ್ಯುವಾಗ ಹಿಡಿಯಿರಿ. ಎಕ್ಸ್-ರೇ ಡಿಫ್ರಾಕ್ಷನ್ ಮಾಡಿಸಿ: ತಾಮ್ರದ ಟ್ಯೂಬಿನಲ್ಲಿ ಕ್ವಾರ್ಟ್ಜ್ ಮುಖ್ಯ ಶಿಖರ 26.6 ಡಿಗ್ರಿಗೆ, ಕ್ರಿಸ್ಟೊಬಲೈಟ್ (ಸಿಲಿಕಾದ ಇನ್ನೊಂದು ಹರಳು ರೂಪ) 22ರ ಹತ್ತಿರ. ಕೃತಕ ಹಲಗೆಯಲ್ಲಿ ಕ್ರಿಸ್ಟೊಬಲೈಟ್ ಇರೋದೂ ಉಂಟು, ಅದನ್ನೇ ಹುಡುಕಿ ನೋಡಿ. ಇನ್‌ಫ್ರಾರೆಡ್‌ನಲ್ಲಿ ಸೆಂ.ಮೀ.ಗೆ 799 ಮತ್ತು 779 ತರಂಗದ ಜೋಡಿ ಶಿಖರ ಕ್ವಾರ್ಟ್ಜ್ ಗುರುತು; ಜೇಡಿಯ ಕೇಯೊಲಿನೈಟ್ ಇದ್ದರೆ ಅದೇ ಜಾಗದಲ್ಲಿ ಅಡ್ಡ ಬರುತ್ತೆ.

ಪಾಷಾಣ್_ರಸ್ತೆ
ಗಾತ್ರ ಹೆಂಗ ಬೇರ್ಪಡಿಸೋದ್ರಿ? ಜರಡಿ ಅಷ್ಟು ಸಣ್ಣಂದು ಸಿಗಂಗಿಲ್ಲ.

ಖನಿಜ_ಕಾಕಾ
ನೀರಿನಲ್ಲಿ ತಳ ಕೂರಿಸಿ. ಕ್ವಾರ್ಟ್ಜ್ ಸಾಂದ್ರತೆ 2.65. ಸ್ಟೋಕ್ಸ್ ಲೆಕ್ಕದಲ್ಲಿ 25 ಡಿಗ್ರಿ ನೀರಲ್ಲಿ 5 ಮೈಕ್ರಾನ್ ಕಣ 10 ಸೆಂ.ಮೀ. ಇಳಿಯೋಕೆ ಸುಮಾರು 66 ನಿಮಿಷ. ಅಲುಗಿಸಿ ನಿಲ್ಲಿಸಿ, ಅಷ್ಟು ಹೊತ್ತಾದ ಮೇಲೆ ಮೇಲಿನ 10 ಸೆಂ.ಮೀ. ನೀರನ್ನು ಸೈಫನ್‌ನಿಂದ ಎಳೆದುಕೊಳ್ಳಿ. ಹಾಗೇ ಐದಾರು ಸಲ. ಪಾತ್ರೆ ಬಿಸಿಲಿಗಿಟ್ಟರೆ ನೀರು ಒಳಗೇ ಸುತ್ತುತ್ತೆ, ಲೆಕ್ಕ ಕೆಡುತ್ತೆ. ಕಣ ಅಂಟಿಕೊಳ್ಳದಿರಲಿ ಅಂತ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿದರೆ ಆಮೇಲೆ ಪೂರ್ತಿ ತೊಳೆದು ತೆಗೆಯಬೇಕು.

ಮೂಷಿಕ_ಶಾಲೆ (ಪುಣೆ)
ಅಷ್ಟಕ್ಕೇ ಮುಗಿಯಲ್ಲ. ಕಲ್ಲಿನ ಅಂಗಡಿಯ ನೆಲದ ಪುಡಿಯಲ್ಲಿ ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾ ಪೊರೆಯ ವಿಷ) ಇದ್ದೇ ಇರುತ್ತೆ. ಇಲಿಯ ಶ್ವಾಸಕೋಶಕ್ಕೆ ಅಷ್ಟು ಸಾಕು, ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣ ತುಂಬಿಬಿಡುತ್ತೆ, ನೀವು ಸಿಲಿಕಾ ಅಂತ ಬರೀತೀರಿ. ವಾಡಿಕೆಯ ಕ್ರಮ ಹೀಗೆ: 1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 100 ಡಿಗ್ರಿಗೆ ಒಂದು ಗಂಟೆ, ಆಮೇಲೆ ಸ್ಟೆರೈಲ್ ನೀರಲ್ಲಿ ಮೂರು ಸಲ ತೊಳೆದು 200 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ. ಆಮ್ಲ ಮೇಲ್ಮೈ ಕಬ್ಬಿಣ ತೆಗೆಯುತ್ತೆ, ಶಾಖ ಎಂಡೊಟಾಕ್ಸಿನ್ ಸುಡುತ್ತೆ. ಆಟೊಕ್ಲೇವ್ 121 ಡಿಗ್ರಿಗೆ ಬ್ಯಾಕ್ಟೀರಿಯಾ ಸಾಯುತ್ತೆ, ಎಂಡೊಟಾಕ್ಸಿನ್ ಹಾಗೇ ಉಳಿಯುತ್ತೆ. ಎಂಡೊಟಾಕ್ಸಿನ್ ಅಳೆಯೋ ಲಿಮುಲಸ್ ಪರೀಕ್ಷೆಗೆ ಕಣ ಅಡ್ಡ ಬರುತ್ತೆ, ಗೊತ್ತಿರೋ ಪ್ರಮಾಣದ ಎಂಡೊಟಾಕ್ಸಿನ್ ಸೇರಿಸಿ ವಾಪಸ್ ಎಷ್ಟು ಸಿಗುತ್ತೆ ನೋಡಿಯೇ ನಂಬಿ.

ಜುವಾರಿ_ನಗರ
ರಾಳದ ಹಲಗೆ ಪುಡಿಗೆ 200 ಡಿಗ್ರಿ ಕೊಟ್ಟರೆ ರಾಳವೇ ಕೆಡುತ್ತಲ್ಲ? ಆಮ್ಲದಲ್ಲಿ ಕುದಿಸಿದ ಮೇಲೆ ಅದು ಕೆಲಸಗಾರ ಸೇದುವ ದೂಳೂ ಅಲ್ಲ. ಅದೂ ಅಲ್ಲದೆ ಆಗತಾನೇ ಒಡೆದ ಕ್ವಾರ್ಟ್ಜ್ ಮೇಲ್ಮೈ ಹಳೆಯದಕ್ಕಿಂತ ಹೆಚ್ಚು ವಿಷಕಾರಿ. 2020ರ ಕೆಲಸ ನೋಡಿ, ಮೇಲ್ಮೈಯಲ್ಲಿ ಪಕ್ಕದವರ ಜೊತೆ ಸರಿಯಾಗಿ ಬೆಸೆಯದೆ ಉಳಿದ ಸಿಲನಾಲ್ (ಸಿಲಿಕಾನಿಗೆ ಅಂಟಿದ ಆಕ್ಸಿಜನ್-ಹೈಡ್ರೋಜನ್) ಗುಂಪುಗಳೇ ಜೀವಕೋಶದ ಪೊರೆ ಹರಿಯೋದು ಅಂತ ತೋರಿಸಿದ್ದಾರೆ. ಬಿಸಿ ಮಾಡಿದರೆ ಆ ಮೇಲ್ಮೈ ಬದಲಾಗುತ್ತೆ.

ಮೂಷಿಕ_ಶಾಲೆ
ಒಪ್ಪಿದೆ, ಇಲ್ಲಿ ಎರಡು ಕಡೆಯೂ ಎಳೆತ. ಅದಕ್ಕೇ ರಾಳದ ಪುಡಿಗೆ ಬೇರೆ ದಾರಿ: ಶುದ್ಧ ಪಾತ್ರೆ, ಎಂಡೊಟಾಕ್ಸಿನ್ ಇಲ್ಲದ ನೀರು, ತಾಜಾ ಕುಯ್ದು ಹಿಡಿಯೋದು, ಅಳೆಯೋದು, ಕಡಿಮೆ ಇದ್ದರೆ ಹಾಗೇ ಬಳಸೋದು. ಕಂಟ್ರೋಲ್ ಆಗಿ ಕುದಿಸಿದ ಕ್ವಾರ್ಟ್ಜ್ ಜೊತೆಗಿರಲಿ.

ಈಗ ತಳಿ. ಬ್ಲ್ಯಾಕ್-6ನಲ್ಲಿ ಒಂದು ಡೋಸ್, 4 ವಾರ, ಎಎನ್‌ಎ ಅಂದರೆ ಖಾಲಿ ಸ್ಲೈಡ್ ನೋಡೋಕೆ ತಯಾರಾಗಿ. ಆ ತಳಿಯಲ್ಲಿ ಉರಿಯೂತ, ಫೈಬ್ರೋಸಿಸ್ (ಅಂಗಾಂಶ ನಾರುಗಟ್ಟೋದು) ಸಿಗುತ್ತೆ, ಆಟೊಆಂಟಿಬಾಡಿ (ಸ್ವಂತ ದೇಹದ ವಿರುದ್ಧದ ಆಂಟಿಬಾಡಿ) ಬಲು ದುರ್ಬಲ. ಮೊಂಟಾನಾದವರು 2003ರಲ್ಲೇ ನ್ಯೂಜಿಲೆಂಡ್ ಮಿಕ್ಸ್‌ಡ್ ಇಲಿಯಲ್ಲಿ ಸಿಲಿಕಾ ಲೂಪಸ್ ಬೇಗ ತರುತ್ತೆ ಅಂತ ತೋರಿಸಿದರು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗುಂಪು ಎನ್‌ಜೆಡ್‌ಬಿ-ಎನ್‌ಜೆಡ್‌ಡಬ್ಲ್ಯು ಎಫ್1 (ಎರಡು ನ್ಯೂಜಿಲೆಂಡ್ ತಳಿ ಕೂಡಿಸಿದ ಮೊದಲ ಪೀಳಿಗೆ) ಹೆಣ್ಣಿಲಿಯಲ್ಲಿ ಮಾಡಿದ ಕ್ರಮ ಈಗ ಹೆಚ್ಚಾಗಿ ಬಳಕೆಯಲ್ಲಿದೆ: 8 ವಾರದ ಇಲಿ, ವಾರಕ್ಕೊಮ್ಮೆ 1 ಮಿ.ಗ್ರಾಂ. 25 ಮೈಕ್ರೊಲೀಟರ್‌ನಲ್ಲಿ, 4 ವಾರ. ಕೊನೆಯ ಡೋಸ್ ಆದ 1, 5, 9, 13ನೇ ವಾರಕ್ಕೆ ಅಂಗಾಂಶ. ಶ್ವಾಸಕೋಶದೊಳಗೇ ಬಿ ಮತ್ತು ಟಿ ಕೋಶಗಳ ಗುಂಪು ಕಟ್ಟಿಕೊಂಡು ಲಿಂಫ್ ಗಂಟಿನಂಥ ರಚನೆ ಆಗುತ್ತೆ, ಆಟೊಆಂಟಿಬಾಡಿ ಅಲ್ಲೇ ಹುಟ್ಟುತ್ತೆ, ಕಿಡ್ನಿ ರೋಗ ಸುಮಾರು 3 ತಿಂಗಳು ಮುಂಚೆ ಬರುತ್ತೆ.

ಪಾಷಾಣ್_ರಸ್ತೆ
ಆದ್ರ ಆ ತಳಿ ತಾನಾಗೇ ಲೂಪಸ್ ಬರೋದಲ್ರೀ. ಸಿಲಿಕಾ ಏನು ಮಾಡಿದಂಗಾಯ್ತು?

ಮೂಷಿಕ_ಶಾಲೆ
ಬೇಗ ತಂದಂಗಾಯ್ತು. ಅದಕ್ಕೇ ಸಮಯ ಮುಖ್ಯ. 40 ವಾರ ಬಿಟ್ಟು ನೋಡಿದರೆ ಸಲೈನ್ ಗುಂಪೂ ರೋಗಿಷ್ಟವೇ, ವ್ಯತ್ಯಾಸ ಮಾಯ. ಸಲೈನ್ ಗುಂಪು ಇನ್ನೂ ಗಟ್ಟಿಯಾಗಿರುವಾಗಲೇ ಅಳೆಯಬೇಕು.

ಅಂಕಿ_ಅಕ್ಕ (ಮುಂಬಯಿ)
ಅದನ್ನು ಪ್ರೋಟೊಕಾಲ್‌ನಲ್ಲಿ ಮೊದಲೇ ಬರೆದಿಡಿ, ಡೇಟಾ ನೋಡಿ ವಾರ ಆರಿಸಬೇಡಿ. ಪ್ರೊಟೀನ್ಯೂರಿಯಾ (ಮೂತ್ರದಲ್ಲಿ ಪ್ರೊಟೀನ್ ಹೋಗೋದು) ಶುರುವಾದ ವಯಸ್ಸನ್ನು ಕಪ್ಲಾನ್-ಮೆಯರ್ ರೇಖೆಯಲ್ಲಿ (ಯಾವ ವಯಸ್ಸಿಗೆ ಎಷ್ಟು ಇಲಿಗೆ ರೋಗ ಬಂತು ಅಂತ) ಹಾಕಿ, ಕೊನೆಯ ದಿನದ ಶೇಕಡಾ ಲೆಕ್ಕ ಸಾಲದು. ಒಂದೇ ಪಂಜರದ 5 ಇಲಿ 5 ಸ್ವತಂತ್ರ ಮಾದರಿ ಅಲ್ಲ. ಪಂಜರಕ್ಕೊಂದು ಗುಂಪು ಮಾಡಿದರೆ ಗುಂಪಿನ ಪರಿಣಾಮ, ಪಂಜರದ ಪರಿಣಾಮ ಎರಡೂ ಒಂದಾಗಿಬಿಡುತ್ತೆ.

ಮೂಷಿಕ_ಶಾಲೆ
ಅಕ್ಕ, ಒಂದೇ ಪಂಜರದಲ್ಲಿ ಸಿಲಿಕಾ, ಸಲೈನ್ ಎರಡೂ ಇಟ್ಟರೆ ಸೀನಿದ್ದು, ನೆಕ್ಕಿದ್ದು ಹೋಗಲ್ವಾ ಪಕ್ಕದ್ದಕ್ಕೆ?

ಅಂಕಿ_ಅಕ್ಕ
ಹಾಗಾದರೆ ಪಂಜರದ ಸಂಖ್ಯೆ ಹೆಚ್ಚಿಸಿ. ಒಂದೊಂದು ಗುಂಪಿಗೆ 2 ಪಂಜರ ಇಟ್ಕೊಂಡು ನನ್ನ ಹತ್ತಿರ ಬರಬೇಡಿ ಅಷ್ಟೇ 🙂

ಪರೇಲ್_ಸ್ಲೈಡು
ಡೋಸ್ ಬಗ್ಗೆ ಯಾರೂ ಕೇಳ್ತಿಲ್ಲ. ಇಲಿಯ ಶ್ವಾಸಕೋಶದ ತೂಕ 0.2 ಗ್ರಾಂ. ಅದಕ್ಕೆ 4 ಮಿ.ಗ್ರಾಂ. ಅಂದ್ರೆ ಗ್ರಾಂಗೆ 20 ಮಿ.ಗ್ರಾಂ. ಮನುಷ್ಯನ ಒಂದು ಕಿಲೋ ಶ್ವಾಸಕೋಶಕ್ಕೆ ಲೆಕ್ಕ ಹಾಕಿ, 20 ಗ್ರಾಂ ಮರಳು. ಯಾವ ಕಾರ್ಮಿಕನ ಎದೆಯಲ್ಲಿ ಅಷ್ಟು ಉಂಟು?

ಜುವಾರಿ_ನಗರ
ತೂಕದ ಲೆಕ್ಕ ಬಿಡಿ, ಅಲ್ವಿಯೋಲೈ (ಶ್ವಾಸಕೋಶದ ಗಾಳಿಗುಳ್ಳೆ) ಮೇಲ್ಮೈ ಹಿಡೀರಿ. ಇಲಿಗೆ ಸುಮಾರು 0.08 ಚದರ ಮೀಟರ್, ಮನುಷ್ಯನಿಗೆ ಸುಮಾರು 100. 4 ಮಿ.ಗ್ರಾಂ. ಪೂರ್ತಿ ಒಳಗೆ ಹೋಯ್ತು ಅಂದುಕೊಂಡರೂ ಮನುಷ್ಯನ ಲೆಕ್ಕಕ್ಕೆ 5 ಗ್ರಾಂ. ಮೂಗಿನಿಂದ ಕೊಟ್ಟಿದ್ದರಲ್ಲಿ ಒಂದು ಪಾಲು ಹೊಟ್ಟೆಗೆ ಹೋಗುತ್ತೆ, ಅಲ್ಲಿಗೆ ಇನ್ನೂ ಕಡಿಮೆ.

ಕೆಲಸಗಾರನ ಕಡೆ: ಗಾಳಿಯ ಘನ ಮೀಟರಿಗೆ 0.1 ಮಿ.ಗ್ರಾಂ. ಸಿಲಿಕಾ, ಪಾಳಿಗೆ 10 ಘನ ಮೀಟರ್ ಉಸಿರು, ವರ್ಷಕ್ಕೆ 250 ದಿನ, 40 ವರ್ಷ. ಸೇದಿದ್ದು 10 ಗ್ರಾಂ. ಅದರಲ್ಲಿ ಹತ್ತನೇ ಒಂದು ಪಾಲು ಆಳಕ್ಕೆ ಇಳಿದರೆ 1 ಗ್ರಾಂ. ಹಾಗಾಗಿ ಇಲಿಯ ಡೋಸ್ ಹೆಚ್ಚು ಹೌದು, ಆದರೆ 20 ಪಟ್ಟು ಅಲ್ಲ. ಒಣ ಕಟಿಂಗ್ ಮಾಡುವಲ್ಲಿ ಗಾಳಿಯೇ 0.1ರ ಎಷ್ಟೋ ಪಟ್ಟು ಮೇಲಿರುತ್ತೆ.

ಪರೇಲ್_ಸ್ಲೈಡು
ಸರಿ, 20ರಿಂದ 5ಕ್ಕೆ ಇಳಿಸಿದಿರಿ. ಆದರೂ 40 ವರ್ಷದ್ದನ್ನು 4 ವಾರದಲ್ಲಿ ಸುರಿಯುವುದು ಉಂಟಲ್ಲ, ಅದಕ್ಕೆ ಯಾವ ಗುಣಾಕಾರ? ನಿಧಾನ ಬಂದ ಕಣವನ್ನು ಮ್ಯಾಕ್ರೊಫೇಜ್ (ಕಸ ನುಂಗುವ ಕೋಶ) ಒಂದಷ್ಟಾದರೂ ಹೊರಗೆ ಸಾಗಿಸ್ತದೆ. ಒಟ್ಟಿಗೆ ಸುರಿದರೆ ಆ ದಾರಿಯೇ ಕಟ್ಟಿಹೋಗ್ತದೆ.

ಜುವಾರಿ_ನಗರ
ಆ ಮಾತು ನಿಮ್ಮದೇ ಗೆಲುವು. ಉಸಿರಾಟದ ಚೇಂಬರ್‌ನಲ್ಲಿ ದೂಳು ಹಾರಿಸಿ ಕೊಡೋದು ಉತ್ತರ, ದುಡ್ಡು ಯಾರ ಹತ್ರ ಇದೆ?

ಇನ್‌ಫ್ಲಮಸೋಮ್ (ಪುಣೆ)
ಒಳಗೆ ಇದು ಹೇಗೆ ನಡೆಯುತ್ತೆ ಅಂತ ಕೇಳೋರಿಗೆ ಚುಟುಕಾಗಿ. ಮಾರ್ಕೊ ಥರದ ಸ್ಕ್ಯಾವೆಂಜರ್ ರಿಸೆಪ್ಟರ್‌ನಿಂದ ಮ್ಯಾಕ್ರೊಫೇಜ್ ಕಣ ನುಂಗುತ್ತೆ, ಲೈಸೊಸೋಮ್ (ಕೋಶದ ಜೀರ್ಣಚೀಲ) ಹರಿಯುತ್ತೆ, ಅದರೊಳಗಿನ ಕಿಣ್ವ ಕ್ಯಾಥೆಪ್ಸಿನ್ ಬಿ ಸೋರುತ್ತೆ, ಅಪಾಯ ಗುರುತಿಸೋ ಎನ್‌ಎಲ್‌ಆರ್‌ಪಿ3 ಎದ್ದು ಉರಿಯೂತ ತರೋ ಇಂಟರ್‌ಲ್ಯೂಕಿನ್-1 ಬೀಟಾ ಹೊರಗೆ. 2008ರಲ್ಲಿ ಒಂದೇ ವರ್ಷ ಮೂರು ಗುಂಪು ಇದನ್ನು ತೋರಿಸಿದವು. ಕೋಶ ಸತ್ತಾಗ ಕಣ ಹೊರಬಿದ್ದು ಇನ್ನೊಂದು ಮ್ಯಾಕ್ರೊಫೇಜ್ ನುಂಗುತ್ತೆ, ಕರಗದ ವಸ್ತು, ಮುಗಿಯೋದೇ ಇಲ್ಲ. ಸತ್ತ ಕೋಶಗಳ ಡಿಎನ್‌ಎ ಕೋಶದೊಳಗಿನ ಸ್ಟಿಂಗ್ ಅನ್ನೋ ಎಚ್ಚರಿಕೆಯ ದಾರಿಯನ್ನು ಎಬ್ಬಿಸುತ್ತೆ ಅಂತ 2018ರಲ್ಲಿ ಬಂತು. ನ್ಯೂಕ್ಲಿಯಸ್ಸಿನ ವಸ್ತು ದಿನಾ ಚೆಲ್ಲುತ್ತಾ, ಎತ್ತೋರಿಲ್ಲದೆ ಬಿದ್ದಿದ್ದರೆ, ಒಲವಿರೋ ತಳಿಯಲ್ಲಿ ಅದರ ವಿರುದ್ಧವೇ ಆಂಟಿಬಾಡಿ.

ಬ್ಲಿಯೊಮೈಸಿನ್ ಔಷಧಿ ಕೊಟ್ಟು ಮಾಡೋ ಮಾದರಿ ಇದಕ್ಕೆ ಬದಲಿ ಆಗಲ್ಲ, ಆ ಫೈಬ್ರೋಸಿಸ್ ಕೆಲವು ವಾರದಲ್ಲಿ ತಾನೇ ಇಳಿಯೋಕೆ ಶುರುವಾಗುತ್ತೆ. ಸಿಲಿಕಾದ್ದು ನಿಲ್ಲುತ್ತೆ.

ಕೈ_ನಡುಗದವ (ಮುಂಬಯಿ)
ಡೋಸ್ ಕೊಡೋ ಕೈಗೆ ಬರೋಣ, ಅರ್ಧ ಪ್ರಯೋಗ ಅಲ್ಲೇ ಕೆಡೋದು. 25 ಮೈಕ್ರೊಲೀಟರ್‌ಗೆ 1 ಮಿ.ಗ್ರಾಂ. ಅಂದರೆ ಮಿ.ಲೀ.ಗೆ 40 ಮಿ.ಗ್ರಾಂ., ಗಟ್ಟಿ ಹಾಲಿನ ಥರ. ಬಿಡಿ 2 ಮೈಕ್ರಾನ್ ಕಣ 1 ಸೆಂ.ಮೀ. ಇಳಿಯೋಕೆ 40 ನಿಮಿಷ ಬೇಕು, ಆದರೆ ಸಲೈನ್‌ನಲ್ಲಿ ಅದು ಅಂಟಿಕೊಂಡು 10 ಮೈಕ್ರಾನ್ ಉಂಡೆ ಆದರೆ ಒಂದೂವರೆ ನಿಮಿಷದಲ್ಲಿ ತಳ. ಆದ್ದರಿಂದ ಅವತ್ತಿನದು ಅವತ್ತೇ ಕಲಸಿ, ಸಾನಿಕೇಟ್ ಮಾಡಿ, ಪ್ರತಿ ಇಲಿಗೂ ಮುಂಚೆ ವೋರ್ಟೆಕ್ಸ್, ಪಿಪೆಟ್‌ನಲ್ಲಿ ಎಳೆದ ಕೂಡಲೇ ಕೊಡಿ. ಪಿಪೆಟ್ ಹಿಡಿದು ಮಾತಾಡ್ತಾ ನಿಂತರೆ ತುದಿಯಲ್ಲೇ ಕೂರುತ್ತೆ. ಮೊದಲನೇ ಇಲಿ, ಕೊನೇ ಇಲಿಗೆ ಸಿಕ್ಕಿದ್ದು ಒಂದೇನಾ ಅಂತ ತಿಳಿಯೋಕೆ ಅದೇ ಪಿಪೆಟ್‌ನಿಂದ ಅದೇ ಪ್ರಮಾಣವನ್ನು ತೂಕ ಮಾಡಿದ ಫಾಯಿಲ್ ಮೇಲೆ ಹಾಕಿ ಒಣಗಿಸಿ ತೂಗಿ. ಸಲೈನ್‌ನ ಉಪ್ಪೂ ತೂಗುತ್ತೆ, ಬರೀ ಸಲೈನ್ ಫಾಯಿಲ್ ಒಂದು ಕಳೆಯೋಕೆ ಬೇಕು.

ಅರಿವಳಿಕೆ ಹಗುರಾದರೆ ಇಲಿ ಸೀನುತ್ತೆ, ಇಲ್ಲಾ ನುಂಗುತ್ತೆ. ಐಸೊಫ್ಲೂರೇನ್‌ನಲ್ಲಿ ಉಸಿರು ಸೆಕೆಂಡಿಗೊಂದರ ಹತ್ತಿರ ಇಳಿಯೋವರೆಗೆ ಕಾಯಿರಿ. ನನ್ನ ಆಯ್ಕೆ ಬಾಯಿಯ ದಾರಿ: ಮೇಲಿನ ಹಲ್ಲಿಗೆ ದಾರ ಕೊಟ್ಟು ಇಳಿಜಾರು ಹಲಗೆಗೆ ತೂಗಿ, ನಾಲಿಗೆ ಚಿಮಟದಲ್ಲಿ ಹೊರಗೆಳೆದು, 50 ಮೈಕ್ರೊಲೀಟರ್ ಗಂಟಲ ಹಿಂದೆ, ಮೂಗು ಮುಚ್ಚಿ ಎರಡು ಉಸಿರು ಎಳೆಯೋವರೆಗೆ ನಾಲಿಗೆ ಬಿಡಬೇಡಿ. ನಾಲಿಗೆ ಹಿಡಿದಿರೋವರೆಗೆ ನುಂಗೋಕೆ ಆಗಲ್ಲ. ಮೂಗಿನ ದಾರಿಗಿಂತ ಹೆಚ್ಚು ಪಾಲು ಶ್ವಾಸಕೋಶಕ್ಕೆ ಸೇರುತ್ತೆ.

ಮೂಷಿಕ_ಶಾಲೆ
ನಿಮ್ಮ ಸುರಕ್ಷತೆ ಮರೀಬೇಡಿ. ಒಣ ಪುಡಿ ತೂಗುವಾಗ ಹಾರಿಜಾಂಟಲ್ ಲ್ಯಾಮಿನಾರ್ ಫ್ಲೋ ಬಳಸೋರನ್ನು ನೋಡಿದರೆ ಭಯ ಆಗುತ್ತೆ, ಅದು ಗಾಳಿಯನ್ನು ನೇರ ನಿಮ್ಮ ಮುಖಕ್ಕೇ ಊದುತ್ತೆ. ಕ್ಲಾಸ್ 2 ಕ್ಯಾಬಿನೆಟ್, ಅಥವಾ ತೂಕಕ್ಕಂತಲೇ ಇರೋ ಫಿಲ್ಟರ್ ಪೆಟ್ಟಿಗೆ. ಇನ್ನೂ ಸುಲಭ: ಖಾಲಿ ಸೀಸೆ ತೂಗಿ, ಕ್ಯಾಬಿನೆಟ್‌ನಲ್ಲಿ ಪುಡಿ ಹಾಕಿ ಮುಚ್ಚಿ, ಮತ್ತೆ ತೂಗಿ, ಸಿಕ್ಕ ತೂಕಕ್ಕೆ ದ್ರವ ಲೆಕ್ಕ ಹಾಕಿ. ಎನ್95 ಹಾಕಿ, ಸರ್ಜಿಕಲ್ ಮಾಸ್ಕ್ ಇದಕ್ಕಾಗಲ್ಲ. ಚೆಲ್ಲಿದರೆ ಒದ್ದೆ ಬಟ್ಟೆ, ಪೊರಕೆ ಬೇಡ.

ಭತ್ತದ_ಹೊಟ್ಟು (ಗೋವಾ)
ಪಂಜರಕ್ಕೆ ಬೆಡ್ಡಿಂಗ್ ಏನು ಹಾಕ್ತೀರಿ? ನಮ್ಮ ಕಡೆಯ ಎಷ್ಟೋ ಇಲಿಮನೆಗಳಲ್ಲಿ ಭತ್ತದ ಹೊಟ್ಟು. ಹೊಟ್ಟಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿ, ಆ ಬೂದಿಯಲ್ಲಿ ಶೇ. 85ಕ್ಕೂ ಮೇಲೆ ಸಿಲಿಕಾ. ಸಿಲಿಕಾ ಪ್ರಯೋಗದ ಕಂಟ್ರೋಲ್ ಇಲಿಯನ್ನು ಸಿಲಿಕಾ ಹಾಸಿಗೆ ಮೇಲೆ ಮಲಗಿಸಿದ ಹಾಗೆ.

ಖನಿಜ_ಕಾಕಾ
ಅದು ಅಮಾರ್ಫಸ್, ಹರಳಲ್ಲ. ಹರಳಾಗೋಕೆ 700-800 ಡಿಗ್ರಿ ದಾಟಿ ಸುಡಬೇಕು. ಆಟೊಕ್ಲೇವ್‌ನಿಂದ ಕ್ರಿಸ್ಟೊಬಲೈಟ್ ಆಗಲ್ಲ. ಭಯ ಬೀಳಬೇಡಿ.

ಭತ್ತದ_ಹೊಟ್ಟು
ಹರಳಲ್ಲ ಒಪ್ಪಿದೆ. ಆದರೆ ಹೊಟ್ಟಿನ ದೂಳು, ಅದರ ಶಿಲೀಂಧ್ರ, ಎಂಡೊಟಾಕ್ಸಿನ್ ಮೂಲಮಟ್ಟದ ಉರಿಯೂತ ಏರಿಸ್ತಾವೆ. ಗೋವಾದ ಮಳೆಗಾಲದಲ್ಲಿ ಹೊಟ್ಟು ಒಣಗಿಸಿಡೋದೇ ಕಷ್ಟ. ದೂಳು ತೆಗೆದ ಕಾರ್ನ್‌ಕಾಬ್ ಹಾಕಿ, ಪ್ರಯೋಗದ ಮಧ್ಯೆ ಬದಲಿಸಬೇಡಿ.

ಮೂಷಿಕ_ಶಾಲೆ
ಇದು ಒಳ್ಳೆ ಮಾತು. ಕಂಟ್ರೋಲ್ ಬಗ್ಗೆ ಇನ್ನೊಂದು: ಸಲೈನ್ ಜೊತೆ ಒಂದು ಕಣದ ಕಂಟ್ರೋಲ್ ಬೇಕು, ಇಲ್ಲದಿದ್ದರೆ ಯಾವ ಕಣ ಸುರಿದರೂ ಹೀಗೇ ಆಗುತ್ತೇನೋ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ಟೈಟೇನಿಯಂ ಡೈಆಕ್ಸೈಡ್ ವಾಡಿಕೆ. ಅದೂ ಪೂರ್ತಿ ಸಾಧು ಅಲ್ಲ, ಡೋಸ್ ಹೆಚ್ಚಾದರೆ ಅದರಿಂದಲೂ ಉರಿಯೂತ. ತೂಕದ ಬದಲು ಮೇಲ್ಮೈ ವಿಸ್ತೀರ್ಣ ಸಮ ಮಾಡಿ ಕೊಡಿ.

ಕುರ್ಲಾ_ಲೋಕಲ್ (ಮುಂಬಯಿ)
ಎಎನ್‌ಎ ಮಾಡೋರಿಗೆ: ಮನುಷ್ಯರ ಹೆಪ್-2 (ಕೋಶ ಅಂಟಿಸಿದ ಸ್ಲೈಡ್) ಕಿಟ್‌ನಲ್ಲಿರೋದು ಮನುಷ್ಯರ ಐಜಿಜಿ (ಆಂಟಿಬಾಡಿಯ ಒಂದು ಬಗೆ) ಹಿಡಿಯೋ ಕಾಂಜುಗೇಟ್ (ಹೊಳೆಯೋ ಬಣ್ಣ ಅಂಟಿಸಿದ ಆಂಟಿಬಾಡಿ). ಸ್ಲೈಡ್ ಬಳಸಿ, ಕಾಂಜುಗೇಟ್ ಇಲಿಯ ಐಜಿಜಿಯದ್ದು ಬೇರೆ ತನ್ನಿ. ಇಲಿ ಸೀರಂ 1:100ಕ್ಕಿಂತ ಗಟ್ಟಿಯಾಗಿ ಹಾಕಿದರೆ ಹಿನ್ನೆಲೆಯೇ ಹೊಳೆಯುತ್ತೆ. ಡಬಲ್-ಸ್ಟ್ರ್ಯಾಂಡ್ ಡಿಎನ್‌ಎ ಎಲೈಸಾದಲ್ಲಿ ಕಾಫ್ ಥೈಮಸ್ ಡಿಎನ್‌ಎ ಹಾಕಿದರೆ ಸಿಂಗಲ್-ಸ್ಟ್ರ್ಯಾಂಡ್ ತುಂಡು ಜೊತೆಗಿರುತ್ತೆ, ಎಸ್1 ನ್ಯೂಕ್ಲಿಯೇಸ್ ಕೊಟ್ಟು ತೆಗೀರಿ. ಕ್ರಿಥಿಡಿಯಾ ಅನ್ನೋ ಏಕಕೋಶಿಯ ಸ್ಲೈಡ್‌ನಲ್ಲಿ ಖಚಿತಪಡಿಸಿ.

ಬ್ಲ್ಯಾಕ್-6 ಬಿಡಲ್ಲ ಅಂತಿದ್ದರೆ ಒಂದು ಗುಂಡಿ ಇದೆ: ಆ ತಳಿಯಲ್ಲಿ ಐಜಿಜಿ2ಎ ಇಲ್ಲ, ಐಜಿಜಿ2ಸಿ ಇದೆ. 2ಎ ಆಂಟಿಬಾಡಿಯಿಂದ ಅಳೆದು ಏನೂ ಇಲ್ಲ ಅಂತ ಬರೆದು ಕೂತಿರ್ತೀರಿ.

ಪಾಷಾಣ್_ರಸ್ತೆ
ಇದು ಗೊತ್ತಿರಲಿಲ್ರೀ, ಭಾಳ ಉಪಕಾರ. ಮೂತ್ರದ್ದು ಸ್ಟ್ರಿಪ್ ಸಾಕಾ?

ಕುರ್ಲಾ_ಲೋಕಲ್
ದಿನನಿತ್ಯಕ್ಕೆ ಸಾಕು. ಎರಡು ಸಲ ಸತತವಾಗಿ 300 ಮಿ.ಗ್ರಾಂ./ಡೆ.ಲೀ. ಅಥವಾ ಮೇಲೆ ಬಂದರೆ ಮಾತ್ರ ಪಾಸಿಟಿವ್ ಅನ್ನಿ. ಗಂಡಿಲಿಯ ಮೂತ್ರದಲ್ಲಿ ಮೊದಲಿಂದಲೇ ಪ್ರೊಟೀನ್ ಇರುತ್ತೆ, ಸ್ಟ್ರಿಪ್ ಸುಮ್ಮನೆ ಬಣ್ಣ ತೋರಿಸುತ್ತೆ.

ಮಲ್ಪೆ_ಟು_ಮಾಟುಂಗಾ (ಮುಂಬಯಿ)
ಮಧ್ಯೆ ಒಂದು ಕೇಳ್ತೇನೆ. ಮೀನೆಣ್ಣೆಯ ಡಿಎಚ್‌ಎ ಕೊಟ್ಟರೆ ಇದು ನಿಲ್ತದೆ ಅಂತ ಓದಿದೆ. ಹಾಗಾದ್ರೆ ದಿನಾ ಬಂಗುಡೆ ತಿಂದ್ರೆ ಕಲ್ಲು ಕಡಿಯುವವರಿಗೆ ರಕ್ಷೆಯಾ? 😄

ಇನ್‌ಫ್ಲಮಸೋಮ್
ಅದೇ ಮಿಷಿಗನ್ ಕೆಲಸ. 2016ರದ್ದರಲ್ಲಿ 6 ವಾರಕ್ಕೆ ಡಿಎಚ್‌ಎ ಆಹಾರ ಶುರು, 8ನೇ ವಾರಕ್ಕೆ ಸಿಲಿಕಾ. ಅಂದರೆ ದೂಳು ಬರೋ ಮುಂಚೆಯೇ ಇಲಿಯ ಮೈಯಲ್ಲಿ ಡಿಎಚ್‌ಎ ಇತ್ತು. ಮನುಷ್ಯರಿಗೆ ಅದನ್ನು ಹಾಗೇ ಅನ್ವಯಿಸಬೇಡಿ. ಪ್ರಯೋಗ ಮಾಡೋರಿಗೆ: ಆ ಎಣ್ಣೆ ಬೇಗ ಕಮಟುತ್ತೆ. ಆಹಾರ ಮೈನಸ್ 20ರಲ್ಲಿಟ್ಟು ದಿನಾ ತಾಜಾ ಹಾಕಿ, ನಿನ್ನೆಯದು ಎಸೆಯಿರಿ.

ಪರೇಲ್_ಸ್ಲೈಡು
ಬಂಗುಡೆ ತಿನ್ನಿ, ಅಡ್ಡಿಯಿಲ್ಲ, ಆದರೆ ಗರಗಸಕ್ಕೆ ನೀರು ಬಿಡಿ. ಮನುಷ್ಯರ ಕತೆ ಇಲಿಗಿಂತ ಹಳೆಯದು ಮಾರಾಯ್ರೆ. ಎಡಿನ್‌ಬರೋದ ಬ್ರಾಮ್‌ವೆಲ್ 1914ರಲ್ಲೇ ಕಲ್ಲುಕುಟಿಗರಲ್ಲಿ ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗುವ ರೋಗ) ಬರೆದಿದ್ದ. 1953ರಲ್ಲಿ ಕ್ಯಾಪ್ಲಾನ್ ವೇಲ್ಸ್‌ನ ಗಣಿಗರಲ್ಲಿ ರುಮಟಾಯ್ಡ್ ಸಂಧಿವಾತ ಮತ್ತು ಶ್ವಾಸಕೋಶದ ಗಂಟು ಜೊತೆಗಿಟ್ಟು ತೋರಿಸಿದ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಕ್ವಾರ್ಟ್ಜ್ ಹಲಗೆಯನ್ನೇ ನಿಷೇಧಿಸಿತು. ನಮ್ಮಲ್ಲಿ ಸಿಲಿಕೋಸಿಸ್ (ಈ ದೂಳಿನಿಂದ ಶ್ವಾಸಕೋಶ ನಾರುಗಟ್ಟುವ ರೋಗ) ಕಾರ್ಮಿಕ ಪರಿಹಾರದ ಪಟ್ಟಿಯಲ್ಲಿ ಉಂಟು, ಅದೇ ದೂಳಿನಿಂದ ಬಂದ ಲೂಪಸ್, ರುಮಟಾಯ್ಡ್‌ಗೆ ಅಲ್ಲಿ ಜಾಗ ಇಲ್ಲ. ಕೀಲುನೋವು ಅಂತ ಬಂದವನ ಹತ್ತಿರ ಯಾವ ಕೆಲಸ ಮಾಡ್ತಿ ಅಂತ ಕೇಳುವ ವೈದ್ಯರೇ ಕಡಿಮೆ.

ಖನಿಜ_ಕಾಕಾ
ವಾಘೋಲಿ ಬಿಡಿ ಅಂದೆನಲ್ಲ, ಇಲಿಗೆ ಬೇಡ. ಹರಳು ಸಂಗ್ರಹಿಸೋರು ಬಿಡಬೇಡಿ, ಅಲ್ಲಿಯ ನೀಲಿ ಕ್ಯಾವನ್‌ಸೈಟ್ ಜಗತ್ಪ್ರಸಿದ್ಧ.

ಅಂಕಿ_ಅಕ್ಕ
ಕಾಕಾ, ವಿಷಯಕ್ಕೆ ಬನ್ನಿ.

ಪಾಷಾಣ್_ರಸ್ತೆ
ಕೊನೇದಾಗಿ ಹಿಸ್ಟಾಲಜಿ. ಶ್ವಾಸಕೋಶ ಹೆಂಗ ತೆಗೀಬೇಕ್ರಿ? ಅದೇ ಇಲಿಯಿಂದ ಲವಾಜ್ (ಶ್ವಾಸಕೋಶ ತೊಳೆದ ನೀರು), ಆರ್‌ಎನ್‌ಎ, ಸ್ಲೈಡ್ ಮೂರೂ ಬೇಕು.

ಪರೇಲ್_ಸ್ಲೈಡು
ಎಡಗಡೆ ಒಂದೇ ಲೋಬ್, ಬಲಗಡೆ ನಾಲ್ಕು. ಎಡ ಬ್ರಾಂಕಸ್‌ಗೆ ದಾರ ಕಟ್ಟಿ, ಬಲಕ್ಕೆ ಮಾತ್ರ ಲವಾಜ್ ಮಾಡಿ. ಇಡೀ ಶ್ವಾಸಕೋಶದ ಪ್ರಮಾಣ ಸುರಿಯಬೇಡಿ, ಒಂದು ಬದಿಗೆ 0.5 ಮಿ.ಲೀ. ಸಾಕು, ಮೂರು ಸಲ. ಆಮೇಲೆ ಬಲ ಬ್ರಾಂಕಸ್ ಕಟ್ಟಿ ಲೋಬ್ ಕತ್ತರಿಸಿ ಆರ್‌ಎನ್‌ಎಗೆ. ಎಡದ ದಾರ ಬಿಚ್ಚಿ ಫಾರ್ಮಲಿನ್ 25 ಸೆಂ.ಮೀ. ಎತ್ತರದಿಂದ ಇಳಿಬಿಡಿ. ಸಿರಿಂಜ್‌ನಲ್ಲಿ ಒತ್ತಿದರೆ ಅಲ್ವಿಯೋಲೈ ಹರಿದು ಎಂಫಿಸೀಮಾ ಹಾಗೆ ಕಾಣ್ತದೆ. ಉಬ್ಬಿಸದೇ ಹಾಕಿದರೆ ಕುಗ್ಗಿದ ಅಂಗಾಂಶವೇ ಫೈಬ್ರೋಸಿಸ್ ಅನ್ನಿಸ್ತದೆ.

ಫೈಬ್ರೋಸಿಸ್‌ನ ನಾರು (ಕೊಲಾಜೆನ್) ನೋಡಲು ಪಿಕ್ರೊಸಿರಿಯಸ್ ರೆಡ್ ಬಣ್ಣ ಹಾಕಿ, ಜೊತೆಗೆ ಹೈಡ್ರಾಕ್ಸಿಪ್ರೋಲಿನ್ ಅಳೆಯಿರಿ. ಪೋಲರೈಸ್ಡ್ ಬೆಳಕಿನಲ್ಲಿ ಕ್ವಾರ್ಟ್ಜ್ ಮಂಕಾಗಿ ಹೊಳೀತದೆ. ಜೋರಾಗಿ ಮಿನುಗಿದರೆ ಟಾಲ್ಕ್ ಥರದ ಸಿಲಿಕೇಟ್ ಇರಬಹುದು, ಕೈಗವಸಿನ ಪುಡಿಯನ್ನೂ ನೋಡಿ. ಬಿ220 (ಬಿ ಕೋಶದ ಗುರುತು), ಸಿಡಿ3 (ಟಿ ಕೋಶದ್ದು) ಎರಡನ್ನೂ ಅಕ್ಕಪಕ್ಕದ ಕಟ್‌ಗಳಲ್ಲಿ ಹಾಕಿದರೆ ಲಿಂಫಾಯ್ಡ್ ಗುಂಪು ನಿಜವಾ, ಬರೀ ಕೋಶ ಗುಂಪುಗೂಡಿದ್ದಾ ತಿಳೀತದೆ. ಮನುಷ್ಯರ ಸಿಲಿಕೋಸಿಸ್‌ನ ಈರುಳ್ಳಿ ಪದರದ ಗಂಟು ಇಲಿಯಲ್ಲಿ ಹುಡುಕಬೇಡಿ, ಅಪರೂಪ.

ಕೈ_ನಡುಗದವ
ಮೈಕ್ರೊಟೋಮ್ ಬ್ಲೇಡ್ ಬೇಗ ಬೇಗ ಬದಲಿಸಿ. ಕ್ವಾರ್ಟ್ಜ್ ತಾಗಿ ಅಂಚು ಕಚ್ಚಾದರೆ ಕಟ್ ಮೇಲೆ ಉದ್ದ ಗೀರು ಬೀಳುತ್ತೆ.

ಮೂಷಿಕ_ಶಾಲೆ
ಪ್ರಾಣಿ ಪ್ರಯೋಗದ ಅನುಮತಿಗೆ ಫಾರ್ಮ್ ಬಿ ತುಂಬುವಾಗ ಎಥಿಕ್ಸ್ ಸಮಿತಿ ಕೇಳೋದು ಎಂಡ್‌ಪಾಯಿಂಟ್. ತೂಕ ಶೇ. 20 ಇಳಿದರೆ, ಉಸಿರು ಎಳೆಯೋಕೆ ಹೊಟ್ಟೆ ಹಾರಿದರೆ, ಊತ ಬಂದರೆ ಮುಗಿಸೋದು ಅಂತ ಬರೆದಿರಲಿ. ಎಫ್1 ಇಲಿ ಹೊರದೇಶದಿಂದ ತರಿಸೋದಾದರೆ ಅನುಮತಿ, ಕ್ವಾರಂಟೈನ್ ಎರಡಕ್ಕೂ ಸಮಯ ಹಿಡೀರಿ. 8 ವಾರಕ್ಕೆ ಡೋಸ್ ಶುರು ಅಂದರೆ ಇಲಿ ಇಲ್ಲಿಗೆ ತಲುಪುವಾಗ 5 ವಾರದ್ದಾಗಿರಬೇಕು. ಇಲ್ಲಾ ಎನ್‌ಜೆಡ್‌ಬಿ ಹೆಣ್ಣು, ಎನ್‌ಜೆಡ್‌ಡಬ್ಲ್ಯು ಗಂಡು ತಂದು ಇಲ್ಲೇ ಕೂಡಿಸಿ.

ಪಾಷಾಣ್_ರಸ್ತೆ
ಇಲ್ಲೇ ಕೂಡಿಸ್ತೀವ್ರಿ. ಎನ್‌ಜೆಡ್‌ಬಿ ಹೆಣ್ಣು ಮರಿ ಸರಿಯಾಗಿ ಸಾಕ್ತಾವಾ?

ಮೂಷಿಕ_ಶಾಲೆ
ಅದಕ್ಕೆ ಬೇರೆ ಥ್ರೆಡ್ ತೆಗೀರಿ, ಇಲ್ಲಿ ಜಾಗ ಸಾಲಲ್ಲ.